ಡಾಕ್‌ಗೆ ಹಾಕಿದ್ರೂ ಮಾನಿಟರ್ ಯಾಕೆ ಬರಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೇಲೇ ಕೂತು ಕಂಪ್ನಿ ಕೆಲ್ಸ ಮಾಡೋರು ಮೈಸೂರು ಮಂಡ್ಯ ಎರಡೂ ಕಡೆ ಜಾಸ್ತಿ ಆದ್ಮೇಲೆ ಈ ಅಂಕಣಕ್ಕೆ ಬರೋ ಪ್ರಶ್ನೆಗಳೂ ಬದಲಾಗಿವೆ, ಮೊದ್ಲೆಲ್ಲ ವೈರಸ್ಸು, ಪ್ರಿಂಟರು ಅಂತ ಕೇಳ್ತಿದ್ರು, ಈಗ ಡಾಕಿಂಗ್ ಸ್ಟೇಷನ್ ಅಂತಾರೆ. ಲ್ಯಾಪ್‌ಟಾಪಿಗೆ ಒಂದೇ ಒಂದು ವೈರು ಚುಚ್ಚಿದ್ರೆ ಚಾರ್ಜು, ಇಂಟರ್ನೆಟ್ಟು, ಕೀಬೋರ್ಡು, ಎರಡು ಮಾನಿಟರು ಎಲ್ಲಾ ಬಂದ್ಬಿಡುತ್ತೆ ಅಂತ ದುಡ್ಡು ಕೊಟ್ಟು ತಂದಿರ್ತಾರೆ, ಮಾನಿಟರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತೆ. ಈ ಸಲ ಆ ಥರದ ಪ್ರಶ್ನೆಗಳನ್ನೇ ಒಟ್ಟಿಗೆ ತಗೊಂಡಿದೀನಿ. ಮೊದಲನೇ ಉತ್ತರ ಉದ್ದ ಇದೆ, ಆದ್ರೂ ಅದನ್ನ ಎಲ್ಲರೂ ಓದಿ, ಮುಂದಿನ ಉತ್ತರಗಳೆಲ್ಲ ಅದರ ಮೇಲೇ ನಿಂತಿರೋದು.

ಪ್ರಶ್ನೆ: ಮೇಡಂ, ಹೊಸದಾಗಿ ಯುಎಸ್‌ಬಿ-ಸಿ ಡಾಕ್ ತಗೊಂಡೆ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತೆ, ಮೌಸ್ ಕೀಬೋರ್ಡ್ ಓಡುತ್ತೆ, ಲ್ಯಾನ್ ಕೇಬಲ್ಲಿಂದ ನೆಟ್ಟೂ ಬರುತ್ತೆ, ಆದ್ರೆ ಎರಡು ಮಾನಿಟರಲ್ಲೂ ‘ನೋ ಸಿಗ್ನಲ್’ ಅಂತಾನೇ ತೋರಿಸ್ತಿದೆ. ಮಾನಿಟರನ್ನ ನೇರವಾಗಿ ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ಹಾಕಿದ್ರೆ ಚೆನ್ನಾಗೇ ಬರುತ್ತೆ. ಡಾಕ್ ಕೆಟ್ಟಿದ್ಯಾ? ವಾಪಸ್ ಕೊಡ್ಲಾ?
— ಓದುಗರು, ವಿಜಯನಗರ 2ನೇ ಹಂತ, ಮೈಸೂರು

ಉತ್ತರ: ಈಗಲೇ ವಾಪಸ್ ಕೊಡ್ಬೇಡಿ, ಡಾಕ್ ಚೆನ್ನಾಗೇ ಇರೋ ಸಾಧ್ಯತೆ ಇದೆ. ನೀವು ಮಾನಿಟರನ್ನ ನೇರವಾಗಿ ಹಾಕಿ ನೋಡಿರೋದು ಒಳ್ಳೇದಾಯ್ತು, ಮಾನಿಟರಿಂದ ತೊಂದ್ರೆ ಇಲ್ಲ ಅಂತ ಅಲ್ಲಿಗೆ ಗೊತ್ತಾಯ್ತಲ್ಲ. ಈಗ ನೋಡ್ಬೇಕಾಗಿರೋದು ಒಂದೇ, ನಿಮ್ಮ ಡಾಕಲ್ಲಿ ಚಿತ್ರ ಯಾವ ದಾರೀಲಿ ಬರುತ್ತೆ ಅನ್ನೋದು. ಮೌಸು, ನೆಟ್ಟು, ಚಾರ್ಜು ಬರೋ ದಾರಿ ಬೇರೆ, ಚಿತ್ರ ಬರೋ ದಾರಿ ಬೇರೆ, ಅದಕ್ಕೇ ಒಂದು ಸರಿ ಇದ್ದು ಇನ್ನೊಂದು ಸತ್ತಿರೋದು.

ಮಾರ್ಕೆಟ್ಟಲ್ಲಿ ಸಿಗೋ ಡಾಕ್‌ಗಳು ಹೆಚ್ಚುಕಡಿಮೆ ಮೂರು ಥರ. ಮೊದಲನೇದು ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಂತ (ಡಿಸ್‌ಪ್ಲೇಪೋರ್ಟ್ ಅಂದ್ರೆ ಎಚ್‌ಡಿಎಂಐ ಥರಾನೇ ಮಾನಿಟರಿಗೆ ಚಿತ್ರ ಕಳಿಸೋ ಇನ್ನೊಂದು ವಿಧಾನ), 2014ರಲ್ಲಿ ಬಂದಿದ್ದು, ಇದರಲ್ಲಿ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪೇ ಚಿತ್ರಾನ ಯುಎಸ್‌ಬಿ-ಸಿ ತಂತಿಗಳ ಮೇಲೆ ನೇರವಾಗಿ ಕಳಿಸುತ್ತೆ, ಡಾಕ್ ಅದನ್ನ ಮಾನಿಟರ್‌ಗಳಿಗೆ ಹಂಚುತ್ತೆ ಅಷ್ಟೆ. ಎರಡನೇದು ಥಂಡರ್‌ಬೋಲ್ಟ್, ಅದರಲ್ಲೂ ಚಿತ್ರ ಕಳಿಸೋದು ಗ್ರಾಫಿಕ್ಸ್ ಚಿಪ್ಪೇ, ಒಂದೇ ಸಲಕ್ಕೆ ಹೋಗೋ ಡೇಟಾ ಮಾತ್ರ ತುಂಬಾ ಜಾಸ್ತಿ. ಮೂರನೇದು ಡಿಸ್‌ಪ್ಲೇಲಿಂಕ್, ಇದು ಪೂರ್ತಿ ಬೇರೆ ಕಥೆ, ಲ್ಯಾಪ್‌ಟಾಪಲ್ಲಿರೋ ಒಂದು ಸಾಫ್ಟ್‌ವೇರ್ ಚಿತ್ರಾನ ಕುಗ್ಗಿಸಿ ಮಾಮೂಲಿ ಯುಎಸ್‌ಬಿ ಡೇಟಾ ಥರ ಕಳಿಸುತ್ತೆ, ಡಾಕ್ ಒಳಗಿರೋ ಚಿಪ್ಪು ಅದನ್ನ ಮತ್ತೆ ಚಿತ್ರ ಮಾಡುತ್ತೆ. ಹೊರಗಡೆಯಿಂದ ನೋಡಿದ್ರೆ ಯಾವುದು ಯಾವುದು ಅಂತ ಗೊತ್ತೇ ಆಗಲ್ಲ. ಡೆಲ್ ಕಂಪ್ನಿದೇ ತಗೊಳ್ಳಿ, ಡಬ್ಲ್ಯೂಡಿ19 ಅನ್ನೋದು ಆಲ್ಟ್ ಮೋಡಿನದು, ಡಿ6000 ಅನ್ನೋದು ಡಿಸ್‌ಪ್ಲೇಲಿಂಕು, ಎರಡೂ ಟೇಬಲ್ ಮೇಲೆ ಕೂತಿರೋ ಕಪ್ಪು ಡಬ್ಬಗಳೇ. ಹಾಗಾಗಿ ಡಾಕ್ ತಿರುಗಿಸಿ ಅಡೀಲಿ ಬರೆದಿರೋ ಮಾಡೆಲ್ ನಂಬರ್ ನೋಡ್ಕೊಳ್ಳಿ, ಕಂಪ್ನಿ ವೆಬ್‌ಸೈಟಲ್ಲಿ ಹುಡುಕಿ, ಯಾವ ಥರದ್ದು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಡಿಸ್‌ಪ್ಲೇಲಿಂಕ್ ಆಗಿದ್ರೆ ನಿಮ್ಮ ಕೆಲ್ಸ ಸುಲಭ, ಡ್ರೈವರ್, ಅಂದ್ರೆ ಮೇಲೆ ಹೇಳಿದ ಆ ಸಾಫ್ಟ್‌ವೇರ್, ಇಲ್ದೆ ಅದು ಚಿತ್ರ ತೋರಿಸೋದೇ ಇಲ್ಲ. ನೆಟ್ ಇದ್ರೆ ವಿಂಡೋಸ್ 10, 11 ತಾನೇ ಡೌನ್‌ಲೋಡ್ ಮಾಡ್ಕೊಳ್ಳುತ್ತೆ, ಆದ್ರೆ ಕಂಪ್ನಿ ಕೊಟ್ಟಿರೋ ಲ್ಯಾಪ್‌ಟಾಪಲ್ಲಿ ಎಷ್ಟೋ ಸಲ ಅದಕ್ಕೆ ಅನುಮತಿ ಇರಲ್ಲ, ಆಗ ನಿಮ್ಮ ಐಟಿ ಟೀಮಿಗೆ ಟಿಕೆಟ್ ಹಾಕಿ ಅವರ ಕೈಲೇ ಹಾಕಿಸ್ಕೊಳ್ಳಿ. ಅದಕ್ಕೆ ಅಂತ ಹೊಸ ಡಾಕ್ ತರೋದು ದುಡ್ಡು ದಂಡ.

ಆಲ್ಟ್ ಮೋಡ್ ಡಾಕ್ ಆಗಿದ್ರೆ ಲ್ಯಾಪ್‌ಟಾಪ್ ಕಡೆ ನೋಡ್ಬೇಕು. ಯುಎಸ್‌ಬಿ-ಸಿ ತೂತು ಎಲ್ಲಾ ಒಂದೇ ಆಕಾರ, ಆದ್ರೆ ಎಲ್ಲದರಲ್ಲೂ ಚಿತ್ರ ಬರಲ್ಲ, ಕೆಲವು ಬರೀ ಡೇಟಾ, ಕೆಲವು ಡೇಟಾ ಜೊತೆ ಚಾರ್ಜಿಂಗು, ಕೆಲವು ಮಾತ್ರ ಮೂರೂ. ಒಂದೇ ಲ್ಯಾಪ್‌ಟಾಪಲ್ಲಿ ಎರಡು ಸಿ ಪೋರ್ಟ್ ಇದ್ದು ಒಂದರಲ್ಲಿ ಮಾತ್ರ ಚಿತ್ರ ಬರೋದೂ ಉಂಟು, ಹಾಗಾಗಿ ಮೊದ್ಲು ಇನ್ನೊಂದು ಪೋರ್ಟಿಗೆ ಹಾಕಿ ನೋಡಿ. ಪೋರ್ಟಿನ ಪಕ್ಕ ಮಿಂಚಿನ ಗುರುತು ಇದ್ರೆ ಥಂಡರ್‌ಬೋಲ್ಟು, ಇಂಗ್ಲಿಷಿನ ಡಿ ಅಕ್ಷರದೊಳಗೆ ಪಿ ಸೇರಿಸಿದ ಹಾಗಿರೋ ಗುರುತಿದ್ರೆ ಡಿಸ್‌ಪ್ಲೇಪೋರ್ಟು. ಗುರುತೇ ಇಲ್ಲ ಅಂದ್ರೆ ಬರಲ್ಲ ಅಂತಲ್ಲ, ಎಷ್ಟೋ ಕಂಪ್ನಿಗಳು ಪ್ರಿಂಟೇ ಮಾಡಲ್ಲ, ಆಗ ಲ್ಯಾಪ್‌ಟಾಪ್ ಮಾಡೆಲ್ಲಿನ ಸ್ಪೆಸಿಫಿಕೇಶನ್ ಪುಟ ತೆಗೆದು ಸಿ ಪೋರ್ಟ್ ಮುಂದೆ ಡಿಸ್‌ಪ್ಲೇಪೋರ್ಟ್ ಅನ್ನೋ ಪದ ಇದ್ಯಾ ನೋಡಿ. ಬರೀ ಸ್ಪೀಡ್ ನಂಬರ್ ಇದ್ದು ಆ ಪದ ಇಲ್ಲದೇ ಇದ್ರೆ, ಆ ಪೋರ್ಟಿಂದ ಆಲ್ಟ್ ಮೋಡ್ ಡಾಕಿಗೆ ಚಿತ್ರ ಬರಲ್ಲ, ಅಪ್‌ಡೇಟ್ ಮಾಡಿ, ಫಾರ್ಮ್ಯಾಟ್ ಹೊಡೆದು ಏನೂ ಪ್ರಯೋಜನ ಇಲ್ಲ, ಡಿಸ್‌ಪ್ಲೇಲಿಂಕ್ ಡಾಕೇ ತಗೋಬೇಕು. ಡಾಕ್ ಚುಚ್ಚಿದ ತಕ್ಷಣ ವಿಂಡೋಸ್ ಮೂಲೇಲಿ ಡಿಸ್‌ಪ್ಲೇ ಕನೆಕ್ಷನ್ ಲಿಮಿಟೆಡ್ ಇರಬಹುದು ಅನ್ನೋ ಅರ್ಥದ ಮೆಸೇಜ್ ಬಂದ್ರೆ ಅದು ಇದನ್ನೇ ಹೇಳ್ತಿರೋದು, ಕ್ಲೋಸ್ ಮಾಡೋಕ್ ಮುಂಚೆ ಓದಿ.

ಪೋರ್ಟ್ ಸರಿ ಇದೆ ಅಂತಾದ್ರೆ ಕೇಬಲ್. ಡಾಕ್ ಜೊತೆ ಬಂದಿರೋ ಕೇಬಲ್ಲೇ ಹಾಕಿದೀರಾ? ಇದನ್ನ ಒತ್ತಿ ಕೇಳ್ತಿದೀನಿ, ಯಾಕಂದ್ರೆ ಮನೇಲಿ ಮೊಬೈಲ್ ಚಾರ್ಜರಿನ ಸಿ ಕೇಬಲ್ಲುಗಳು ಬೇಕಾದಷ್ಟು ಬಿದ್ದಿರ್ತವೆ, ಅವುಗಳಲ್ಲಿ ಬಹಳಷ್ಟಕ್ಕೆ ಯುಎಸ್‌ಬಿ 2.0 ತಂತಿಗಳು ಮಾತ್ರ ಇರ್ತವೆ, ಸೆಕೆಂಡಿಗೆ 480 ಮೆಗಾಬಿಟ್, ಚಾರ್ಜ್ ಚೆನ್ನಾಗಾಗುತ್ತೆ, ಮೌಸ್ ಓಡುತ್ತೆ, ನೆಟ್ಟೂ ಬರುತ್ತೆ, ಚಿತ್ರ ಹೋಗೋ ತಂತೀನೇ ಒಳಗಿರಲ್ಲ. ನೀವು ಹೇಳಿರೋ ಲಕ್ಷಣ ಇದಕ್ಕೂ ಪೂರ್ತಿ ಹೊಂದುತ್ತೆ. ಟೇಬಲ್ ದೂರ ಇದೆ ಅಂತ ಸಿ ಎಕ್ಸ್‌ಟೆನ್ಷನ್ ಕೇಬಲ್ ಹಾಕೋದೂ ಬೇಡ, ಯುಎಸ್‌ಬಿ-ಸಿ ನಿಯಮದಲ್ಲೇ ಅದಕ್ಕೆ ಜಾಗ ಇಲ್ಲ.

ಇದೆಲ್ಲ ಸರಿ ಇದ್ರೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಪಿಸಿ ಸ್ಕ್ರೀನ್ ಓನ್ಲಿ’ ಅಂತ ಇದ್ರೆ ‘ಎಕ್ಸ್‌ಟೆಂಡ್’ ಮಾಡಿ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿದ್ರೆ ಸ್ಕ್ರೀನ್ ಒಂದು ಸಲ ಮಿಟುಕಿಸಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ. ಕೊನೇದಾಗಿ ಲ್ಯಾಪ್‌ಟಾಪ್ ಬಯಾಸು (ಆನ್ ಮಾಡಿದ ತಕ್ಷಣ ಮೊದ್ಲು ಓಡೋ ಸಾಫ್ಟ್‌ವೇರ್), ಗ್ರಾಫಿಕ್ಸ್ ಡ್ರೈವರು, ಡಾಕಿನ ಫರ್ಮ್‌ವೇರು (ಡಾಕ್ ಒಳಗೇ ಇರೋ ಸಾಫ್ಟ್‌ವೇರ್) ಮೂರೂ ಅಪ್‌ಡೇಟ್ ಮಾಡಿ, ಫರ್ಮ್‌ವೇರ್ ಆಗ್ತಿರೋವಾಗ ಮಾತ್ರ ಕೇಬಲ್ ಮುಟ್ಟಬೇಡಿ, ಅರ್ಧಕ್ಕೆ ನಿಂತ್ರೆ ಚೆನ್ನಾಗಿರೋ ಡಾಕು ನಿಜವಾಗ್ಲೂ ಕೆಡುತ್ತೆ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ ಡಾಕಲ್ಲಿ ಒಂದು ಮಾನಿಟರ್ ಬತ್ತದೆ, ಇನ್ನೊಂದು ಬತ್ತಿಲ್ಲ. ಅದಲು ಬದಲು ಮಾಡುದ್ರೆ ಅದು ಬತ್ತದೆ, ಇದು ಹೋಯ್ತದೆ. ಒಂದು 4ಕೆ, ಇನ್ನೊಂದು ಹಳೇ 1080. ಒಂದೊಂದಾಗಿ ಹಾಕುದ್ರೆ ಎರಡೂ ಚೆಂದಾಗವೆ. ಏನ್ ಮಾಡಾದು?
— ಓದುಗರು, ಮದ್ದೂರು

ಉತ್ತರ: ಅದಲು ಬದಲು ಮಾಡಿ ನೋಡಿದ್ದು ಬಹಳ ಒಳ್ಳೇ ಕೆಲ್ಸ ಮಾಡಿದ್ರಿ, ಅರ್ಧ ಉತ್ತರ ನೀವೇ ಹೇಳ್ಬಿಟ್ಟಿದೀರ. ಒಂದೊಂದಾಗಿ ಬರುತ್ತೆ, ಒಟ್ಟಿಗೆ ಬರಲ್ಲ ಅಂದ್ರೆ ಯಾವುದೂ ಕೆಟ್ಟಿಲ್ಲ, ಸಾಲ್ತಿಲ್ಲ ಅಷ್ಟೆ. ನಿಮ್ಮ ಕಡೆಯವರಿಗೆ ವಿಸಿ ನಾಲೆ ಗೊತ್ತಲ್ಲ, ಮೇಲ್ಗಡೆಯವರು ಗದ್ದೆ ತುಂಬಿಸ್ಕೊಂಡ್ರೆ ಕೊನೇ ಭಾಗಕ್ಕೆ ನೀರು ಮುಟ್ಟಲ್ಲ, ಇಲ್ಲೂ ಹಂಗೇ ಆಗ್ತಿರೋದು.

ಲೆಕ್ಕ ನೋಡಿ. ಯುಎಸ್‌ಬಿ-ಸಿ ಕೇಬಲ್ಲಲ್ಲಿ ವೇಗದ ಲೇನ್, ಅಂದ್ರೆ ಡೇಟಾ ಓಡೋ ದಾರಿ, ಇರೋದು ನಾಲ್ಕು. ಡಾಕಿಗೆ ವೇಗದ ಯುಎಸ್‌ಬಿನೂ ಬೇಕಲ್ಲ, ಅದಕ್ಕೆ ಎರಡು ಹೋಗುತ್ತೆ, ಚಿತ್ರಕ್ಕೆ ಉಳಿಯೋದು ಎರಡು. ಡಿಸ್‌ಪ್ಲೇಪೋರ್ಟ್ 1.2 ಮಟ್ಟದ ಲ್ಯಾಪ್‌ಟಾಪ್ ಆದ್ರೆ ಒಂದು ಲೇನಿಗೆ ಸೆಕೆಂಡಿಗೆ 5.4 ಗಿಗಾಬಿಟ್, ಎರಡಕ್ಕೆ 10.8, ಅದರಲ್ಲಿ ಚಿತ್ರಕ್ಕೆ ನಿಜವಾಗಿ ಸಿಗೋದು 8.64. 1080ರ ಮಾನಿಟರ್ 60 ಹರ್ಟ್ಸಲ್ಲಿ (ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗೋ ಹಾಗೆ) ಸುಮಾರು ಮೂರೂವರೆ ಗಿಗಾಬಿಟ್ ತಿನ್ನುತ್ತೆ, ಅಂಥವು ಎರಡು ಆರಾಮಾಗಿ ಬರ್ತವೆ. 4ಕೆ ಅದೇ 60 ಹರ್ಟ್ಸಲ್ಲಿ 12ರ ಮೇಲೆ ಕೇಳುತ್ತೆ, 30 ಹರ್ಟ್ಸಿಗೆ ಇಳಿಸಿದ್ರೂ 6ರ ಮೇಲೇ. 6ಕ್ಕೆ ಮೂರೂವರೆ ಸೇರಿಸಿದ್ರೆ 8.64 ದಾಟೋಯ್ತಲ್ಲ, ಅದಕ್ಕೇ ಎರಡನೇದು ಬರ್ತಿಲ್ಲ.

4ಕೆ ಮಾನಿಟರಿನ ರೆಸಲ್ಯೂಶನ್ನನ್ನ ಡಿಸ್‌ಪ್ಲೇ ಸೆಟ್ಟಿಂಗಲ್ಲಿ 1080ಕ್ಕೆ ಇಳಿಸಿ, ಎರಡನೇದು ತಾನಾಗೇ ಹತ್ತಿಕೊಳ್ಳುತ್ತೆ ನೋಡಿ. ಹಳೇದು 75 ಹರ್ಟ್ಸಲ್ಲಿದ್ರೆ ಅದನ್ನೂ 60ಕ್ಕೆ ತನ್ನಿ. ಹಾಗೆ ಇಳಿಸೋಕೆ ಮನಸ್ಸಿಲ್ಲ ಅಂದ್ರೆ, ಲ್ಯಾಪ್‌ಟಾಪಲ್ಲೇ ಎಚ್‌ಡಿಎಂಐ ಪೋರ್ಟ್ ಇದ್ರೆ ಒಂದನ್ನ ಅಲ್ಲಿಗೆ ನೇರವಾಗಿ ಹಾಕಿ, ಇನ್ನೊಂದು ಡಾಕಲ್ಲಿರಲಿ, ಅದು ಬೇರೇನೇ ದಾರಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೇದು, ಒಂದು ರೂಪಾಯಿ ಖರ್ಚಿಲ್ಲ. ಲ್ಯಾಪ್‌ಟಾಪ್ ಇಂಟೆಲ್ 11ನೇ ಪೀಳಿಗೆ ಆಮೇಲಿನದಾಗಿದ್ರೆ ಡಿಸ್‌ಪ್ಲೇಪೋರ್ಟ್ 1.4 ಇರುತ್ತೆ, ಅದರಲ್ಲಿ ಒಂದು ಲೇನಿಗೆ 8.1 ಗಿಗಾಬಿಟ್, ಆದ್ರೆ ಡಾಕೂ 1.4 ಇದ್ರೆ ಮಾತ್ರ ಅದರ ಲಾಭ.

ಇನ್ನೊಂದು ಮಾತು, ಮೂರು ಮಾನಿಟರ್ ಹಾಕೋ ಆಸೆ ಇರೋರಿಗೆ. ಇಂಟೆಲ್ 10ನೇ ಪೀಳಿಗೆವರೆಗಿನ ಒಳಗಿನ ಗ್ರಾಫಿಕ್ಸ್ ಒಟ್ಟು ಮೂರು ಪರದೆ ಮಾತ್ರ ಓಡಿಸೋದು, ಅದರಲ್ಲಿ ಲ್ಯಾಪ್‌ಟಾಪಿನ ಸ್ವಂತ ಸ್ಕ್ರೀನೂ ಒಂದು. 11ನೇದರಿಂದ ನಾಲ್ಕು.

ಪ್ರಶ್ನೆ: ನನ್ನ ಹತ್ರ ಎಂ1 ಮ್ಯಾಕ್‌ಬುಕ್ ಏರ್ ಇದೆ. ಗಂಡನ ವಿಂಡೋಸ್ ಲ್ಯಾಪ್‌ಟಾಪಿಗೆ ಅದೇ ಡಾಕಲ್ಲಿ ಎರಡು ಮಾನಿಟರಲ್ಲೂ ಬೇರೆ ಬೇರೆ ಬರುತ್ತೆ, ನನ್ನದಕ್ಕೆ ಹಾಕಿದ್ರೆ ಎರಡರಲ್ಲೂ ಒಂದೇ ಚಿತ್ರ. ಸೆಟ್ಟಿಂಗ್ಸ್ ಎಲ್ಲಾ ಹುಡುಕಿ ಸಾಕಾಯ್ತು.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹುಡುಕೋದು ನಿಲ್ಲಿಸಿ, ಆ ಸೆಟ್ಟಿಂಗ್ ಇಲ್ಲ. ನಿಮ್ಮ ಡಾಕು ಒಂದೇ ಡಿಸ್‌ಪ್ಲೇಪೋರ್ಟ್ ಹರಿವನ್ನ ಎರಡಾಗಿ ಒಡೆದು ಕೊಡುತ್ತೆ, ಆ ವಿಧಾನಕ್ಕೆ ಎಂಎಸ್‌ಟಿ ಅಂತಾರೆ. ವಿಂಡೋಸ್ ಅದನ್ನ ಅರ್ಥ ಮಾಡ್ಕೊಳ್ಳುತ್ತೆ, ಮ್ಯಾಕ್ ಓಎಸ್ ಎರಡು ಬೇರೆ ಪರದೆ ಅಂತ ಅದನ್ನ ಒಪ್ಪೋದೇ ಇಲ್ಲ, ಹಾಗಾಗಿ ಎರಡಕ್ಕೂ ಒಂದೇ ಚಿತ್ರ. ಅದರ ಮೇಲೆ ಎಂ1 ಏರು, ಎಂ2 ಏರು ಎರಡೂ ಹೊರಗಿನ ಒಂದೇ ಮಾನಿಟರಿಗೆ ಆಗಿರೋವು. 2024ರ ಎಂ3 ಏರಲ್ಲಿ ಮುಚ್ಚಳ ಮುಚ್ಚಿದ್ರೆ ಎರಡು ಬರ್ತವೆ, 2025ರ ಎಂ4 ಏರಲ್ಲಿ ಮುಚ್ಚಳ ತೆಗೆದಿದ್ರೂ ಎರಡು.

ಈ ಲ್ಯಾಪ್‌ಟಾಪಲ್ಲೇ ಎರಡು ಬೇಕು ಅಂದ್ರೆ ಡಿಸ್‌ಪ್ಲೇಲಿಂಕ್ ಡಾಕೋ ಅಥವಾ ಬರೀ ಒಂದು ಡಿಸ್‌ಪ್ಲೇಲಿಂಕ್ ಅಡಾಪ್ಟರೋ ತಗೋಬೇಕು, ಒಂದು ಮಾನಿಟರ್ ಈಗಿರೋ ಡಾಕಿಂದ, ಇನ್ನೊಂದು ಆ ಅಡಾಪ್ಟರಿಂದ. ಡಿಸ್‌ಪ್ಲೇಲಿಂಕ್ ಮ್ಯಾನೇಜರ್ ಹಾಕಿದ್ಮೇಲೆ ಪ್ರೈವಸಿ ಸೆಟ್ಟಿಂಗಲ್ಲಿ ‘ಸ್ಕ್ರೀನ್ ರೆಕಾರ್ಡಿಂಗ್’ ಅನುಮತಿ ಕೊಡ್ಲೇಬೇಕು, ಹೆಸರು ಕೇಳಿ ತುಂಬಾ ಜನ ಹೆದರ್ಕೊಂಡು ಬೇಡ ಅಂತಾರೆ, ಆಮೇಲೆ ಮಾನಿಟರ್ ಬರಲಿಲ್ಲ ಅಂತಾರೆ. ಪರದೆ ಮೇಲಿರೋದನ್ನ ಓದಿ ಡಾಕಿಗೆ ಕಳಿಸೋಕೆ ಆ ಅನುಮತಿ ಬೇಕೇ ಬೇಕು. ಆ ಸಾಫ್ಟ್‌ವೇರ್ ಓಡ್ತಿರೋವಾಗ ಓಟಿಟಿ ಆ್ಯಪ್‌ಗಳ ಸಿನಿಮಾ ಕಪ್ಪಾಗಿ ಕಾಣಬಹುದು, ಕಾಪಿ ತಡೆಯೋ ರಕ್ಷಣೆ ಇರೋ ವಿಡಿಯೋಗಳು ಈ ದಾರೀಲಿ ಹೋಗಲ್ಲ. ಆಫೀಸ್ ಕೆಲ್ಸಕ್ಕೆ ಏನೂ ತೊಂದ್ರೆ ಇಲ್ಲ.

ಪ್ರಶ್ನೆ: ಮೇಡಂ, ಕರೆಂಟ್ ಹೋಗಿ ಬಂದ್ರೆ ಸಾಕು ಡಾಕಲ್ಲಿ ಮಾನಿಟರ್ ಕಾಣೆಯಾಗುತ್ತೆ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ್ರೂ ಬರಲ್ಲ. ಇನ್ವರ್ಟರ್ ಇದೆ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಡಾಕ್ ಒಳಗೂ ಒಂದು ಪುಟ್ಟ ಕಂಪ್ಯೂಟರೇ ಇರೋದು, ಕರೆಂಟು ಚೂರು ಕುಸಿದು ಮತ್ತೆ ಬಂದಾಗ ಅದು ಪೂರ್ತಿ ಆಫೂ ಆಗದೆ ಪೂರ್ತಿ ಆನೂ ಆಗದೆ ನಡುವೆ ಸಿಕ್ಕಾಕೊಳ್ಳುತ್ತೆ. ಅದರ ಕರೆಂಟ್ ಪೂರ್ತಿ ಇಳಿಸ್ಬೇಕು. ಲ್ಯಾಪ್‌ಟಾಪ್ ಕೇಬಲ್ ಕಿತ್ತು, ಡಾಕಿನ ಅಡಾಪ್ಟರನ್ನ ಗೋಡೆಯಿಂದ ಕಿತ್ತು, ಮಾನಿಟರ್ ಕೇಬಲ್‌ಗಳನ್ನೂ ಕಿತ್ತುಬಿಡಿ, ಮಾನಿಟರಿಂದ ಸ್ವಲ್ಪ ಕರೆಂಟು ಹಿಂದಕ್ಕೆ ಬರ್ತಿರುತ್ತೆ ಅದಕ್ಕೆ. ಡಾಕಲ್ಲಿ ಪವರ್ ಬಟನ್ ಇದ್ರೆ ಅರ್ಧ ನಿಮಿಷ ಒತ್ತಿ ಹಿಡೀರಿ, ಒಂದು ನಿಮಿಷ ಹಾಗೇ ಬಿಡಿ. ಆಮೇಲೆ ಮೊದ್ಲು ಡಾಕಿಗೆ ಕರೆಂಟು, ಆಮೇಲೆ ಮಾನಿಟರುಗಳು, ಅವು ಆನ್ ಆಗಿ ಸರಿಯಾದ ಇನ್‌ಪುಟ್ಟಲ್ಲಿದಾವಾ ನೋಡ್ಕೊಂಡು ಕೊನೇಗೆ ಲ್ಯಾಪ್‌ಟಾಪ್ ಕೇಬಲ್. ಈ ಕ್ರಮ ತಪ್ಪಿಸಬೇಡಿ.

ಲ್ಯಾಪ್‌ಟಾಪ್ ಆಫ್ ಆನ್ ಮಾಡಿದ್ರೂ ಬರಲ್ಲ ಅಂದ್ರಲ್ಲ, ವಿಂಡೋಸಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದಿದೆ, ಅದು ಆನ್ ಇದ್ರೆ ‘ಶಟ್ ಡೌನ್’ ಕೊಟ್ಟಾಗ ಒಳಗಿನ ಡ್ರೈವರುಗಳ ಸ್ಥಿತಿ ಹಾಗೇ ಡಿಸ್ಕಲ್ಲಿ ಉಳಿದು ಮತ್ತೆ ಅದೇ ಎದ್ದು ಬರುತ್ತೆ. ‘ರೀಸ್ಟಾರ್ಟ್’ ಕೊಟ್ರೆ ಮಾತ್ರ ಎಲ್ಲಾ ಹೊಸದಾಗಿ ಶುರುವಾಗೋದು. ಹಾಗಾಗಿ ರೀಸ್ಟಾರ್ಟೇ ಕೊಡಿ.

ಇನ್ವರ್ಟರ್ ವಿಷ್ಯ, ಸುಮಾರು ಮನೆ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ಚು ಇರುತ್ತೆ. ಅದು ಆಫ್ ಇದ್ರೆ ಲೈಟು ಫ್ಯಾನಿಗೆ ಸಾಕು, ಕಂಪ್ಯೂಟರಿಗೆ ಬದಲಾಗೋ ವೇಗ ಸಾಲಲ್ಲ. ಆ ಸ್ವಿಚ್ಚು ಹಾಕಿಸಿ ನೋಡಿ, ಆಗಲೂ ಮಾನಿಟರ್ ಹೋಗ್ತಿದ್ರೆ ಡಾಕಿಗೂ ಮಾನಿಟರಿಗೂ ಒಂದು ಚಿಕ್ಕ ಯುಪಿಎಸ್ ಬೇರೆ ಇಡಿ.

ಪ್ರಶ್ನೆ: ಡಾಕಲ್ಲಿ ಎಚ್‌ಡಿಎಂಐ ಇದೆ, ಮಾನಿಟರಲ್ಲಿ ಡಿಸ್‌ಪ್ಲೇಪೋರ್ಟ್ ಇದೆ. ಎರಡೂ ತುದಿ ಸರಿಹೊಂದೋ ಕೇಬಲ್ ತಂದು ಹಾಕಿದೆ, ಬರ್ತಿಲ್ಲ.
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಆ ಕೇಬಲ್ ಒಂದೇ ದಿಕ್ಕಿಗೆ ಕೆಲ್ಸ ಮಾಡೋದು. ಡಿಸ್‌ಪ್ಲೇಪೋರ್ಟಿಂದ ಹೊರಟು ಎಚ್‌ಡಿಎಂಐ ಮಾನಿಟರಿಗೆ ಹೋಗುತ್ತೆ, ಉಲ್ಟಾ ಹೋಗಲ್ಲ. ಉಲ್ಟಾ ಬೇಕಂದ್ರೆ ಕರೆಂಟ್ ತಗೊಳ್ಳೋ ಕನ್ವರ್ಟರ್ ಬೇರೇನೇ ಇದೆ, ಆದ್ರೆ ಮಾನಿಟರಲ್ಲಿ ಎಚ್‌ಡಿಎಂಐನೂ ಇದ್ರೆ ಮಾಮೂಲಿ ಎಚ್‌ಡಿಎಂಐ ಕೇಬಲ್ ಹಾಕಿ ಮುಗಿಸಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಸ್ಟೂಡೆಂಟ್. ಉಬುಂಟು ಹಾಕಿದೀನಿ. ಡಿಸ್‌ಪ್ಲೇಲಿಂಕ್ ಡಾಕು ಚೆನ್ನಾಗಿ ಬರ್ತಿತ್ತು, ಅಪ್‌ಡೇಟ್ ಮಾಡಿದ್ಮೇಲೆ ಮಾನಿಟರ್ ಹೋಯ್ತು.
— ಓದುಗರು, ಮಂಡ್ಯ

ಉತ್ತರ: ಕರ್ನಲ್, ಅಂದ್ರೆ ಉಬುಂಟು ಒಳಗಿನ ಮೂಲ ಭಾಗ, ಅಪ್‌ಡೇಟ್ ಆಗಿರುತ್ತೆ. ಡಿಸ್‌ಪ್ಲೇಲಿಂಕ್ ಲಿನಕ್ಸಲ್ಲಿ ಇವಿಡಿಐ ಅನ್ನೋ ಮಾಡ್ಯೂಲ್ ಮೇಲೆ ನಿಂತಿದೆ, ಕರ್ನಲ್ ಬದಲಾದಾಗೆಲ್ಲ ಅದನ್ನ ಹೊಸದಾಗಿ ಕಟ್ಟಬೇಕು, ಹೊಸ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಇಲ್ದೇ ಇದ್ರೆ ಅದು ಕಟ್ಟಿಕೊಳ್ಳಲ್ಲ. ಹೆಡರ್ ಹಾಕಿ, ಸಿನಾಪ್ಟಿಕ್ಸ್ ವೆಬ್‌ಸೈಟಿಂದ ಹೊಸ ಡ್ರೈವರ್ ತಗೊಂಡು ಮತ್ತೆ ಇನ್‌ಸ್ಟಾಲ್ ಮಾಡು, 2020ರಿಂದ ಡಿಸ್‌ಪ್ಲೇಲಿಂಕ್ ಅವರದೇ. ಸೆಕ್ಯೂರ್ ಬೂಟ್ ಆನ್ ಇದ್ರೆ ಇನ್‌ಸ್ಟಾಲ್ ಆಗೋವಾಗ ಒಂದು ಪಾಸ್‌ವರ್ಡ್ ಕೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಮೇಲೆ ಅದನ್ನ ಮತ್ತೆ ಹೊಡೀಬೇಕು, ಅಲ್ಲಿ ಸುಮ್ನೆ ಕಂಟಿನ್ಯೂ ಒತ್ತಿಬಿಟ್ರೆ ಮಾಡ್ಯೂಲ್ ಲೋಡೇ ಆಗಲ್ಲ. ಡಾಕು ಕಾಣ್ತಿದ್ಯಾ ಅಂತ ನೋಡೋಕೆ ಟರ್ಮಿನಲ್ಲಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಹೊಡಿ, 17ಇ9 ಇಂದ ಶುರುವಾಗೋ ಐಡಿ ಇರೋ ಸಾಲು ಕಂಡ್ರೆ ಡಾಕು ಜೀವಂತ ಇದೆ, ಬರೀ ಡ್ರೈವರ್ ಕೆಲ್ಸ ಬಾಕಿ. ಪರೀಕ್ಷೆ, ಪ್ರಾಜೆಕ್ಟ್ ಡೆಮೋ ಹತ್ರ ಇದ್ದಾಗ ಮಾತ್ರ ಕರ್ನಲ್ ಅಪ್‌ಡೇಟ್ ಮುಂದಕ್ಕೆ ಹಾಕು ಮಗು.

ಪ್ರಶ್ನೆ: ಕುರ್ಚಿಯಿಂದ ಎದ್ದಾಗ ಕೂತಾಗ ಎರಡೂ ಮಾನಿಟರ್ ಒಂದು ಕ್ಷಣ ಕಪ್ಪಾಗಿ ಮತ್ತೆ ಬರ್ತವೆ. ಮನೆಯವರು ನಿಂಗೆ ಭ್ರಮೆ ಅಂತಾರೆ.
— ಓದುಗರು, ಜೆ.ಪಿ. ನಗರ, ಮೈಸೂರು

ಉತ್ತರ: ಭ್ರಮೆ ಅಲ್ಲ, ನಿಜವಾಗ್ಲೂ ಆಗುತ್ತೆ, ಡಿಸ್‌ಪ್ಲೇಲಿಂಕಿನವರೇ ಇದರ ಬಗ್ಗೆ ಬರೆದಿದಾರೆ. ಗ್ಯಾಸ್ ಸಿಲಿಂಡರ್ ಇರೋ ಆಫೀಸ್ ಕುರ್ಚಿ ಮೇಲೆ ಕೂತು ಎದ್ದಾಗ ಸ್ಟ್ಯಾಟಿಕ್ ಹುಟ್ಟುತ್ತೆ, ಅದರ ಕಿಡಿಯಿಂದ ಬರೋ ಅಲೆಯನ್ನ ಮಾನಿಟರ್ ಕೇಬಲ್ ಹಿಡ್ಕೊಂಡು ಸಿಗ್ನಲ್ ಒಂದು ಕ್ಷಣ ತಪ್ಪುತ್ತೆ. ತೆಳ್ಳಗಿನ ಅಗ್ಗದ ಎಚ್‌ಡಿಎಂಐ ಕೇಬಲ್ ತೆಗೆದು ಒಳ್ಳೇ ಶೀಲ್ಡಿಂಗ್ ಇರೋ ದಪ್ಪನೇದು ಹಾಕಿ, ಕೇಬಲ್ಲನ್ನ ಕುರ್ಚಿಯಿಂದ ಸ್ವಲ್ಪ ದೂರ ಮೇಜಿನ ಹಿಂದಿಂದ ಎಳೀರಿ. ಮಾನಿಟರ್ ಪ್ಲಗ್ಗು ಮೂರು ಪಿನ್ನಿನದಾಗಿದ್ರೆ ಎರಡು ಪಿನ್ನಿನ ಕನ್ವರ್ಟರ್ ಹಾಕಿರೋದನ್ನ ಇವತ್ತೇ ಕಿತ್ತುಹಾಕಿ ಅರ್ತಿಂಗ್ ಇರೋ ಸಾಕೆಟ್ಟಿಗೆ ಹಾಕಿ, ಆ ಸಾಕೆಟ್ಟಲ್ಲಿ ಅರ್ತಿಂಗ್ ನಿಜವಾಗ್ಲೂ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದು ಸಲ ನೋಡಿಸಿ.